‘ಮಸ್ತ್ ಐತಿ’ ಅಂದರೆ ಸಾಲದು, ‘ಏನಿದು’ ಅಂದರೂ ಸಾಲದು

ರೀಲ್ ಕ್ಯಾಮೆರಾ ಮತ್ತೆ ಊರಿಗೆ ಬಂದಿದೆ. ಇನ್‌ಸ್ಟಾಗ್ರಾಮಿನ ರೀಲ್ಸ್ ಬಗ್ಗೆ ಹೇಳುತ್ತಿಲ್ಲ. ಡಬ್ಬಿಯಿಂದ ತೆಗೆದು ಕ್ಯಾಮೆರಾಕ್ಕೆ ತುಂಬುವ, ಮುಗಿದ ಮೇಲೆ ತೊಳೆಸಿಕೊಂಡು ಬರುವ ಹಳೇ ರೀಲಿನ ಬಗ್ಗೆ ಹೇಳುತ್ತಿದ್ದೇನೆ. ಹಾವೇರಿ ಜಿಲ್ಲೆಯಲ್ಲಿ ಸುದ್ದಿಗಾಗಿ ಓಡಾಡುವಾಗ ಇಂಥ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ಹುಡುಗ ಹುಡುಗಿಯರು ಈಗೀಗ ಕಣ್ಣಿಗೆ ಬೀಳುತ್ತಾರೆ. ಒಬ್ಬನಿಗೆ ಬಾಗಿಲು ಮುಚ್ಚಿದ ಸ್ಟುಡಿಯೋದಿಂದ ಯಾಶಿಕಾ ಸಿಕ್ಕಿದೆ. ಇನ್ನೊಬ್ಬಳಿಗೆ ಸೋದರಮಾವನ ಟ್ರಂಕಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಕ್ಯಾಮೆರಾ ಸಿಕ್ಕಿದೆ.

ಸಂತೋಷದ ವಿಷಯ. ಆದರೆ ಆ ಫೋಟೊಗಳನ್ನು ವಾಟ್ಸಾಪ್ ಗುಂಪಿಗೋ ಫೇಸ್‌ಬುಕ್ಕಿಗೋ ಹಾಕಿದ ಮೇಲೆ ಏನಾಗುತ್ತದೆ ನೋಡಿ. ಒಂದು ಕಡೆ ‘ಮಸ್ತ್ ಐತಿ ಅಣ್ಣಾ’, ‘ಬೆಂಕಿ’, ನಾಲ್ಕು ಕೆಂಪು ಹೃದಯ. ಇನ್ನೊಂದು ಕಡೆ ‘ಇದೇನಲೇ ಮಬ್ಬು ಮಬ್ಬು, ನನ್ನ ಮೊಬೈಲ್‌ನಾಗ ಇದಕ್ಕಿಂತ ಚಲೋ ಬರ್ತೈತಿ’. ಹೆಚ್ಚಿನ ಫೋಟೊಗಳಿಗೆ ಇವೆರಡು ಬಿಟ್ಟು ಮೂರನೆಯ ಮಾತೇ ಬರುವುದಿಲ್ಲ.

ಹೊಗಳಿಕೆ ಒಳ್ಳೆಯದು, ತೆಗಳಿಕೆ ಕೆಟ್ಟದ್ದು ಅಂತ ನಾವು ಅಂದುಕೊಂಡಿದ್ದೇವೆ. ನನ್ನ ಪ್ರಕಾರ ಇವೆರಡರಲ್ಲಿ ಇರುವುದು ಒಂದೇ ಕೊರತೆ. ಬರೆದವರು ಫೋಟೊವನ್ನು ನೋಡಿಲ್ಲ. ಒಬ್ಬರು ತೆಗೆದವನ ಮುಖ ನೋಡಿ ಹೊಗಳಿದರು, ಇನ್ನೊಬ್ಬರು ತಮ್ಮ ಮೊಬೈಲ್ ನೋಡಿಕೊಂಡು ಬೈದರು. ತೆಗೆದವನಿಗೆ ಇಬ್ಬರಿಂದಲೂ ಏನೂ ಸಿಗಲಿಲ್ಲ.

30 ರೂಪಾಯಿಯ ಒಂದು ಕ್ಲಿಕ್ಕು

ಮೊಬೈಲಿನಲ್ಲಿ ತೆಗೆದ ಫೋಟೊ ಸರಿ ಬರದಿದ್ದರೆ ಅಲ್ಲೇ ಅಳಿಸಿ ಇನ್ನೊಂದು ತೆಗೆಯುತ್ತೇವೆ. ರೀಲಿನಲ್ಲಿ ಅದಾಗುವುದಿಲ್ಲ. 35 ಎಂಎಂ ರೀಲಿನಲ್ಲಿ 36 ಫೋಟೊ. ಸ್ಟುಡಿಯೋದವರು ಬಳಸುತ್ತಿದ್ದ ಚೌಕ ಫೋಟೊದ 120 ರೀಲಿನಲ್ಲಾದರೆ 12 ಮಾತ್ರ. ಕಲರ್ ರೀಲು ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಖರ್ಚು ಸಾವಿರ ರೂಪಾಯಿ ದಾಟುತ್ತದೆ. ಒಂದು ಕ್ಲಿಕ್ಕಿಗೆ 30 ರೂಪಾಯಿಯ ಆಸುಪಾಸು. ತೊಳೆಯುವ ಲ್ಯಾಬು ಹತ್ತಿರದಲ್ಲಿಲ್ಲ, ಕೊರಿಯರ್ ಮಾಡಬೇಕು, ವಾರಗಟ್ಟಲೆ ಕಾಯಬೇಕು.

ಅಂದರೆ ಏನು ತಪ್ಪಾಯಿತು ಅಂತ ಗೊತ್ತಾಗುವ ಹೊತ್ತಿಗೆ ಜಾತ್ರೆ ಮುಗಿದಿರುತ್ತದೆ, ಬಿತ್ತನೆ ಮುಗಿದಿರುತ್ತದೆ. ಆ ಫೋಟೊವನ್ನು ಯಾರೂ ತಿದ್ದಲಾರರು. ತಿದ್ದಿಕೊಳ್ಳಲು ಉಳಿದಿರುವುದು ಮುಂದಿನ ರೀಲು ಮಾತ್ರ. ಹಾಗಾಗಿ ರೀಲ್ ಫೋಟೊ ಬಗ್ಗೆ ಆಡುವ ಮಾತಿಗೆ ಒಂದೇ ಅಳತೆ: ಇದರಿಂದ ಅವನ ಮುಂದಿನ ರೀಲಿಗೆ ಏನಾದರೂ ಸಹಾಯ ಆಗುತ್ತದೆಯೇ? ಆಗುವುದಾದರೆ ಮಾತು ಖಾರವಾಗಿದ್ದರೂ ಒಳ್ಳೆಯದೇ. ಆಗದಿದ್ದರೆ ಎಷ್ಟು ಸಿಹಿಯಾಗಿದ್ದರೂ ದಂಡ.

ನೋಡದೆ ಬೈದವರ ಕಥೆ

ಇದು ನಮ್ಮ ಊರಿನವರ ರೋಗ ಮಾತ್ರ ಅಂದುಕೊಳ್ಳಬೇಡಿ. ಹೆನ್ರಿ ಕಾರ್ಟಿಯೆ ಬ್ರೆಸನ್ ಅಂತ ಫ್ರಾನ್ಸಿನ ದೊಡ್ಡ ಫೋಟೊಗ್ರಾಫರ್ ಇದ್ದರು. 1932ರಲ್ಲಿ ಇಯರ್ ಎಂಬ ಊರಿನಲ್ಲಿ ಸುರುಳಿ ಮೆಟ್ಟಿಲ ಮೇಲೆ ನಿಂತು, ಕೆಳಗಿನ ಬೀದಿಯಲ್ಲಿ ಹಾದುಹೋಗುವ ಸೈಕಲ್ ಸವಾರನ ಫೋಟೊ ತೆಗೆದರು. ಮೆಟ್ಟಿಲು ಸ್ಪಷ್ಟವಾಗಿದೆ, ಸೈಕಲ್ ಸವಾರ ಮಸುಕಾಗಿದ್ದಾನೆ. ಆ ಮಸುಕಿನಿಂದಲೇ ಅವನು ಸರ್ರನೆ ಹೋದದ್ದು ನಮಗೆ ಕಾಣುತ್ತದೆ. ಜಗತ್ತಿನ ಹೆಸರಾಂತ ಫೋಟೊಗಳಲ್ಲಿ ಅದೂ ಒಂದು.

2006ರಲ್ಲಿ ಯಾರೋ ಅದನ್ನು ಫ್ಲಿಕರ್‌ನ ಒಂದು ಗುಂಪಿಗೆ ಹಾಕಿದರು. ಯಾವ ಫೋಟೊ ಉಳಿಯಬೇಕು, ಯಾವುದನ್ನು ಅಳಿಸಬೇಕು ಅಂತ ವೋಟು ಹಾಕುವುದೇ ಆ ಗುಂಪಿನ ಕೆಲಸ. ಮಸುಕಾಗಿದೆ ಎಂಬ ದೂರು ಬಂತು. ವೋಟು ಅಳಿಸುವ ಕಡೆಗೇ ಬಿತ್ತು.

ಇನ್ನೊಂದು ಕಥೆ ಇಂಟರ್ನೆಟ್ಟಿಗಿಂತ ಎಷ್ಟೋ ಹಿಂದಿನದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಫ್ರಾಂಕ್ 1955ರಲ್ಲಿ ಒಂದು ಫೆಲೋಶಿಪ್ ಪಡೆದು ಅಮೆರಿಕವನ್ನೆಲ್ಲ ಸುತ್ತಿದರು. 767 ರೀಲು ಖರ್ಚು ಮಾಡಿ ಸುಮಾರು 27,000 ಫೋಟೊ ತೆಗೆದರು. ಪುಸ್ತಕಕ್ಕೆ ಆರಿಸಿದ್ದು 83 ಮಾತ್ರ. ‘ದಿ ಅಮೆರಿಕನ್ಸ್’ ಎಂಬ ಆ ಪುಸ್ತಕ 1958ರಲ್ಲಿ ಪ್ಯಾರಿಸ್ಸಿನಲ್ಲಿ, 1959ರಲ್ಲಿ ಅಮೆರಿಕದಲ್ಲಿ ಬಂತು. ಅಲ್ಲಿನ ದೊಡ್ಡ ಫೋಟೊಗ್ರಫಿ ಪತ್ರಿಕೆಯಲ್ಲಿ ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಮಸುಕು, ಕಾಳು ಕಾಳು, ಬೆಳಕು ಸರಿಯಿಲ್ಲ, ಫೋಟೊ ಓರೆಯಾಗಿದೆ ಅಂತೆಲ್ಲ ಹೇಳಿದರು. ಈಗ ಆ ಪುಸ್ತಕ ಫೋಟೊಗ್ರಫಿ ಕಲಿಯುವವರಿಗೆ ಪಾಠದ ಪುಸ್ತಕದ ಹಾಗೆ.

ಈ ಕಥೆ ಕೇಳಿ ಕೆಲವರು ಖುಷಿಪಡುತ್ತಾರೆ. ‘ನೋಡ್ರಿ, ದೊಡ್ಡವರಿಗೂ ಬೈದಿದ್ರು, ಅಂದಮೇಲೆ ನಂದೂ ಸರಿ ಐತಿ’ ಅನ್ನುತ್ತಾರೆ. ಹಾಗಲ್ಲ. ಬ್ರೆಸನ್ ಫೋಟೊದಲ್ಲಿ ಮಸುಕಾಗಬೇಕಾದದ್ದು ಮಸುಕಾಗಿದೆ, ಉಳಿದದ್ದು ಗಟ್ಟಿಯಾಗಿ ನಿಂತಿದೆ. ಫ್ರಾಂಕ್ 27,000ದಲ್ಲಿ ತಾವೇ ಉಳಿದದ್ದೆಲ್ಲ ಬದಿಗಿಟ್ಟು 83 ಉಳಿಸಿಕೊಂಡರು. ಅವರ ಮೊದಲ ಟೀಕಾಕಾರ ಅವರೇ. ಬೈದವರು ತಪ್ಪಿದ್ದು ಬೈದದ್ದಕ್ಕಲ್ಲ. ತಮಗೆ ಗೊತ್ತಿದ್ದ ನಿಯಮ ಹಿಡಿದು ಫೋಟೊ ಅಳೆದರು, ಫೋಟೊ ಏನು ಹೇಳುತ್ತಿದೆ ಅಂತ ನೋಡಲಿಲ್ಲ.

ತಪ್ಪು ಎಲ್ಲಿದೆ ಅಂತ ಹೇಳಿ

ನಮ್ಮ ಕಡೆ ಗರಡಿ ಮನೆಗಳಿವೆ. ಕುಸ್ತಿಯಲ್ಲಿ ಬಿದ್ದು ಬಂದ ಹುಡುಗನಿಗೆ ಉಸ್ತಾದರು ‘ಮಸ್ತ್ ಆಡಿದಿ’ ಅನ್ನುವುದಿಲ್ಲ, ‘ನಿನ್ನ ಕೈಲಿ ಆಗೂದಿಲ್ಲ, ಮನಿಗೆ ಹೋಗು’ ಅಂತಲೂ ಅನ್ನುವುದಿಲ್ಲ. ‘ಅವ ಕೈ ಹಾಕಿದಾಗ ನಿನ್ನ ಬಲಗಾಲು ಮುಂದ ಇತ್ತು’ ಅನ್ನುತ್ತಾರೆ. ಒಂದು ಕಾಲು, ಒಂದು ಗಳಿಗೆ. ಹುಡುಗ ನಾಳೆ ಅದನ್ನು ತಿದ್ದಿಕೊಳ್ಳುತ್ತಾನೆ. ಫೋಟೊಗೂ ಇಂಥ ಮಾತು ಬೇಕು.

ರೀಲ್ ಫೋಟೊ ಒಂದೇ ಕೈಯಲ್ಲಿ ಆಗುವುದಿಲ್ಲ. ತೆಗೆಯುವವರ ಕಣ್ಣು, ಕ್ಯಾಮೆರಾ, ತೊಳೆಯುವವರು, ಸ್ಕ್ಯಾನ್ ಮಾಡುವವರು, ಹೀಗೆ ನಾಲ್ಕು ಕಡೆ ದಾಟಿ ನಮ್ಮ ಮೊಬೈಲಿಗೆ ಬರುತ್ತದೆ. ತಪ್ಪು ಯಾವ ಕಡೆ ಆಗಿದೆ ಅಂತ ಗೊತ್ತಾಗದೆ ಬೈದರೆ, ಲ್ಯಾಬಿನವರ ತಪ್ಪಿಗೆ ಹುಡುಗನ ಕಿವಿ ಹಿಂಡಿದಂತೆ.

ದೀಪಾವಳಿ ಆದಮೇಲೆ ನಮ್ಮಲ್ಲಿ ಹೋರಿ ಹಬ್ಬ. ಕೊಬ್ಬರಿ ಕಟ್ಟಿದ ಹೋರಿ ಅಖಾಡದಲ್ಲಿ ಓಡುವಾಗ ತೆಗೆದ ಫೋಟೊ ಮಸುಕಾಗಿದೆ ಅಂದುಕೊಳ್ಳಿ. ‘ಬ್ಲರ್ ಆಗೇತಿ’ ಅನ್ನುವ ಮೊದಲು ಒಂದು ನಿಮಿಷ ನೋಡಿ. ಹೋರಿ, ಜನ, ಬೇಲಿಯ ಗೂಟ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಗೂಟ ಸ್ಪಷ್ಟವಿದ್ದು ಹೋರಿ ಮಾತ್ರ ಎಳೆದಂತಿದ್ದರೆ ಶಟರ್ ನಿಧಾನವಾಗಿತ್ತು, ಮುಂದಿನ ಸಲ 1/500ಕ್ಕೆ ಇಟ್ಟುಕೊಳ್ಳಲಿ. ಹೋರಿ ಮೆತ್ತಗಿದ್ದು ಅದರ ಹಿಂದಿನ ಜನ ಸ್ಪಷ್ಟವಿದ್ದರೆ ಫೋಕಸ್ ಹಿಂದೆ ಹೋಗಿದೆ. ಮೂರಕ್ಕೂ ಮೂರು ಬೇರೆ ಮದ್ದು. ಇದಷ್ಟೂ ಆದ ಮೇಲೆ ನಾಲ್ಕನೇ ಪ್ರಶ್ನೆ: ಈ ಮಸುಕಿನಿಂದ ಹೋರಿಯ ಓಟ ಕಾಣುತ್ತಿದೆಯೇ? ಕಂಡರೆ ಅದನ್ನೂ ಹೇಳಿ.

ಮುಖ ಕಪ್ಪಾಗಿ ಬಂದ ಫೋಟೊ ಇನ್ನೊಂದು. ನಮ್ಮ ಅಜ್ಜಂದಿರದು ಬಿಳಿ ರುಮಾಲು, ಬಿಳಿ ಧೋತರ. ಕ್ಯಾಮೆರಾದ ಮೀಟರಿಗೆ ಬಿಳಿ ಬಟ್ಟೆಯೋ ಬೆಳ್ಳಿ ಪಾತ್ರೆಯೋ ಗೊತ್ತಿಲ್ಲ, ಕಂಡದ್ದನ್ನೆಲ್ಲ ನಡುಬಣ್ಣದ ಬೂದಿ ಮಾಡಲು ನೋಡುತ್ತದೆ. ಬಿಳಿ ಹೆಚ್ಚಿದ್ದರೆ ಬೆಳಕು ಕಡಿಮೆ ಮಾಡು ಅನ್ನುತ್ತದೆ. ಬಟ್ಟೆ ಉಳಿಯುತ್ತದೆ, ಮುಖ ಮುಳುಗುತ್ತದೆ. ‘ಮುಖ ಡಾರ್ಕ್’ ಅಂತ ಬರೆಯುವ ಬದಲು ‘ಅಜ್ಜನ ಮುಖದ ಹತ್ತಿರ ಹೋಗಿ ಮೀಟರ್ ನೋಡು, ಆಮೇಲೆ ಹಿಂದೆ ಬಂದು ತೆಗಿ’ ಅಂತ ಬರೆಯಿರಿ. ನೆಗೆಟಿವ್ ರೀಲು ಬೆಳಕು ಒಂದು ಹಂತ ಹೆಚ್ಚಾದರೆ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ತಡೆಯುವುದಿಲ್ಲ. ಸ್ಲೈಡ್ ರೀಲಿನದು ಇದಕ್ಕೆ ಉಲ್ಟಾ.

ಬ್ಯಾಡಗಿ ಮೆಣಸಿನಕಾಯಿ ಹೊಲವನ್ನು ಕಪ್ಪು ಬಿಳುಪಿನಲ್ಲಿ ತೆಗೆದರೆ ಕೆಂಪು ಕಾಯಿಯೂ ಹಸಿರು ಎಲೆಯೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣವಾಗಿ ಕಲಸಿಹೋಗುತ್ತವೆ. ‘ಕಲರ್ ಇರಬೇಕಿತ್ತು’ ಎಂಬುದು ಸುಲಭದ ಮಾತು. ‘ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದರೆ ಕಾಯಿ ಬೆಳ್ಳಗಾಗಿ ಎಲೆ ಕಪ್ಪಾಗುತ್ತದೆ, ಆಗ ಬೇರೆ ಬೇರೆ ಕಾಣುತ್ತವೆ’ ಎಂಬುದು ಕೆಲಸಕ್ಕೆ ಬರುವ ಮಾತು. ಇನ್ನು ಕಲರ್ ಫೋಟೊದಲ್ಲಿ ಮೆಣಸಿನಕಾಯಿ ಕಿತ್ತಳೆಯಾಗಿ ಬಂದಿದ್ದರೆ ತೆಗೆದವರನ್ನು ಬೈಯಬೇಡಿ. ಒಂದೇ ನೆಗೆಟಿವ್ ಎರಡು ಲ್ಯಾಬಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಎರಡು ಬಣ್ಣ ಬರಬಹುದು.

ಗೊತ್ತಿಲ್ಲದಿದ್ದರೆ ನೆಗೆಟಿವ್ ತೋರಿಸು ಅನ್ನಿ. ರೀಲಿನ ಅಂಚಿನಲ್ಲಿ ಕಂಪನಿಯವರೇ ಮೂಡಿಸಿದ ನಂಬರು, ಹೆಸರು ಇರುತ್ತವೆ. ಆ ನಂಬರು ಗಟ್ಟಿಯಾಗಿದ್ದು ಚಿತ್ರ ಮಾತ್ರ ತೆಳ್ಳಗಿದ್ದರೆ ತೆಗೆಯುವಾಗ ಬೆಳಕು ಸಾಲಲಿಲ್ಲ. ನಂಬರೂ ತೆಳ್ಳಗಿದ್ದರೆ ತೊಳೆಯುವಾಗ ಕಡಿಮೆಯಾಗಿದೆ. ಅಂಚಿನಿಂದ ಒಳಗೆ ಬೆಳಕಿನ ಪಟ್ಟೆ ನುಗ್ಗಿದ್ದರೆ ಹಳೇ ಕ್ಯಾಮೆರಾದ ಹಿಂಬಾಗಿಲಿನ ಸ್ಪಂಜು ಉದುರಿರಬಹುದು. ಇಷ್ಟು ತಿಳಿದವರು ಗುಂಪಿಗೆ ಒಬ್ಬರಿದ್ದರೂ ಎಷ್ಟೋ ಹುಡುಗರ ದುಡ್ಡು ಉಳಿಯುತ್ತದೆ.

ಫೋಟೊ ಹಾಕುವವರಿಗೂ ನಾಲ್ಕು ಮಾತು

ಒಳ್ಳೆಯ ಟೀಕೆ ಬೇಕೆಂದರೆ ಕೇಳುವ ರೀತಿಯೂ ಸರಿಯಿರಬೇಕು. ‘ಹೆಂಗೈತಿ ಹೇಳ್ರಿ’ ಅಂದರೆ ‘ಮಸ್ತ್ ಐತಿ’ ಅಂತಲೇ ಬರುತ್ತದೆ. ಬೀಗರ ಮನೆಯಲ್ಲಿ ಊಟ ಹೇಗಿತ್ತು ಅಂತ ಕೇಳಿದ ಹಾಗೆ ಅದು.

ಒಂದು, ಯಾವ ರೀಲು, ಯಾವ ಕ್ಯಾಮೆರಾ, ಯಾವ ಹೊತ್ತಿನ ಬೆಳಕು ಅಂತ ಎರಡು ಸಾಲು ಬರೆಯಿರಿ. ಏನು ತೋರಿಸಬೇಕು ಅಂತ ತೆಗೆದಿರಿ, ಅದನ್ನೂ ಬರೆಯಿರಿ. ‘ಕೂಲಿಯವರ ಕೈ ಕಾಣಬೇಕಿತ್ತು, ಕಾಣುತ್ತಿದೆಯೇ?’ ಅಂತ ಕೇಳಿದರೆ ಉತ್ತರ ಕೊಡುವವರೂ ಕೈಯನ್ನೇ ನೋಡುತ್ತಾರೆ.

ಎರಡು, 36ನ್ನೂ ಸುರಿಯಬೇಡಿ. ಮೂರು ಹಾಕಿ. ಆರಿಸುವುದು ನಿಮ್ಮ ಕೆಲಸ, ನೋಡುವವರದ್ದಲ್ಲ.

ಮೂರು, ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಕಾಳು, ಸ್ಪಷ್ಟತೆ ಬಗ್ಗೆ ಮಾತು ಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ನಾಲ್ಕು, ಉತ್ತರ ಕೊಡಲು ಅವಸರ ಬೇಡ. ಟೀಕೆ ಓದಿದ ಕೂಡಲೇ ಬರುವುದು ಸಿಟ್ಟು. ರಾತ್ರಿ ಕಳೆದು ಬೆಳಿಗ್ಗೆ ಅದೇ ಫೋಟೊ ಮತ್ತೆ ನೋಡಿ. ಹೇಳಿದ್ದು ಫೋಟೊದಲ್ಲಿ ಕಂಡರೆ ಒಪ್ಪಿಕೊಳ್ಳಿ, ಕಾಣದಿದ್ದರೆ ಬಿಟ್ಟುಬಿಡಿ. ಎಲ್ಲರ ಮಾತಿಗೂ ಕುಣಿಯಬೇಕಾಗಿಲ್ಲ. ಆದರೆ ‘ರೀಲ್ ಅಂದ್ರ ಹಂಗ ಬರೋದು’ ಎಂಬ ಮಾತಿನ ಹಿಂದೆ ಅಡಗಿಕೊಳ್ಳಬೇಡಿ. ಅದೇ ರೀಲಿನಲ್ಲಿ ನಮ್ಮೂರ ಸ್ಟುಡಿಯೋದವರು ಮೂವತ್ತು ವರ್ಷ ಮದುವೆ ಫೋಟೊ ತೆಗೆದು ಸಂಸಾರ ನಡೆಸಿದ್ದಾರೆ.

ನಾನು ಜಿಲ್ಲೆಯಿಂದ ಪತ್ರಿಕೆಗೆ ಫೋಟೊ ಕಳಿಸುವವನು. ಡೆಸ್ಕಿನಿಂದ ಬರುವ ಉತ್ತರ ಎರಡೇ: ಅಚ್ಚಾಗುತ್ತದೆ, ಇಲ್ಲವೇ ಅಚ್ಚಾಗುವುದಿಲ್ಲ. ಏಕೆ ಅಂತ ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ಹಾಗಾಗಿ ‘ಏಕೆ’ ಅಂತ ಬಿಡಿಸಿ ಹೇಳುವ ಒಬ್ಬ ಮನುಷ್ಯನ ಬೆಲೆ ಎಷ್ಟು ಅಂತ ನನಗೆ ಗೊತ್ತು.

ಮೊದಲ ಹಕ್ಕು ಫೋಟೊದಲ್ಲಿ ಇರುವವರದ್ದು

ಟೀಕೆ ಅಂದರೆ ಬಲ್ಲವರು ಮಾಡುವುದು ಅಂತ ಅಂದುಕೊಳ್ಳುತ್ತೇವೆ. ಆದರೆ ಊರಿನ ಸ್ಟುಡಿಯೋಗಳಲ್ಲಿ ಟೀಕೆ ಮಾಡುತ್ತಿದ್ದವರು ಗಿರಾಕಿಗಳು. ‘ನನ್ನ ಮುಖ ಹಿಂಗೈತೇನು? ಮತ್ತೊಮ್ಮೆ ತಗೀರಿ’ ಅಂತ ಜಗಳ ಮಾಡುತ್ತಿದ್ದರು. ಸ್ಟುಡಿಯೋದವರು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು ಮುಖದ ಕಲೆ ತಿದ್ದುತ್ತಿದ್ದರು. ಅದರಲ್ಲಿ ಸ್ವಲ್ಪ ಸುಳ್ಳಿತ್ತು, ಹೌದು. ಆದರೆ ಫೋಟೊದಲ್ಲಿ ಇರುವವರಿಗೆ ಬೇಡ ಅನ್ನುವ ಹಕ್ಕಿತ್ತು.

‘ಮುಖ ಕಪ್ಪಾಗಿ ಬಂದೈತಿ’ ಎಂಬ ದೂರನ್ನು ತಾತ್ಸಾರ ಮಾಡಬೇಡಿ. ಕೊಡಾಕ್ ಕಂಪನಿ ಬಹಳ ವರ್ಷ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಬಿಳಿ ಹೆಣ್ಣುಮಗಳೊಬ್ಬಳ ಫೋಟೊ ಕಳಿಸುತ್ತಿತ್ತು. ‘ಶರ್ಲಿ ಕಾರ್ಡ್’ ಅಂತ ಅದರ ಹೆಸರು. ಆ ಬಿಳಿ ಚರ್ಮ ಚೆನ್ನಾಗಿ ಬಂದರೆ ಎಲ್ಲವೂ ಸರಿ ಅಂತ ಲೆಕ್ಕ. ಕಪ್ಪು, ಕಂದು ಮುಖಗಳು ಮುಳುಗಿ ಹೋಗುತ್ತಿದ್ದವು. ಕೊನೆಗೆ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರುವ ಕಂಪನಿಗಳು ತಮ್ಮ ಸರಕಿನ ಕಂದು ಬಣ್ಣ ಸರಿ ಬರುತ್ತಿಲ್ಲ ಅಂತ ದೂರಿದ ಮೇಲೆ ಆ ಬಣ್ಣಗಳ ಕಡೆ ಗಮನ ಕೊಟ್ಟರು ಅಂತ ಅಲ್ಲಿ ಕೆಲಸ ಮಾಡಿದವರೇ ಹೇಳಿದ್ದಾರೆ. ಯೋಚನೆ ಮಾಡಿ. ಮನುಷ್ಯರ ಮುಖಕ್ಕಿಂತ ಮೇಜು ಕುರ್ಚಿಯ ದೂರಿಗೆ ಬೆಲೆ ಹೆಚ್ಚು ಬಂತು.

ಅದಕ್ಕೇ ಹೇಳುತ್ತೇನೆ, ಹತ್ತಿ ಬಿಡಿಸುವ ಅವ್ವನ ಫೋಟೊ ತೆಗೆದಿದ್ದರೆ ಗುಂಪಿಗೆ ಹಾಕುವ ಮೊದಲು ಆಕೆಗೆ ತೋರಿಸಿ. ಹಾಕಲೇ ಅಂತ ಕೇಳಿ. ಬೇಡ ಅಂದರೆ ಬೇಡ. ಆಕೆ ‘ಸೆರಗು ಸರಿ ಇಲ್ಲ’ ಅಂದರೆ ಆ ಟೀಕೆಯ ಮುಂದೆ ಸಾವಿರ ಲೈಕು ಲೆಕ್ಕಕ್ಕಿಲ್ಲ. ಒಂದು ಪ್ರಿಂಟು ಕೊಟ್ಟು ಬನ್ನಿ. ಅದು ಗೋಡೆಗೆ ಏರಿತೋ ಪೆಟ್ಟಿಗೆ ಸೇರಿತೋ ನೋಡಿ. ಅದಕ್ಕಿಂತ ನೇರವಾದ ವಿಮರ್ಶೆ ಇಲ್ಲ.

ಹುಡುಗಿ ಹಾಕಿದ ಫೋಟೊಗೆ ಬರುವ ಮಾತು

ಇಷ್ಟೆಲ್ಲ ಬರೆಯಲು ಮುಖ್ಯ ಕಾರಣ ಇದು. ಹುಡುಗ ಫೋಟೊ ಹಾಕಿದರೆ ಫೋಟೊ ಬಗ್ಗೆ ನಾಲ್ಕು ಮಾತಾದರೂ ಬರುತ್ತವೆ. ಹುಡುಗಿ ಹಾಕಿದರೆ ಅವಳ ಬಗ್ಗೆಯೇ ಮಾತು. ‘ಜಾತ್ರಿಗೆ ಒಬ್ಬಾಕಿನೇ ಹೋಗಿದ್ಯಾ?’, ‘ಕ್ಯಾಮೆರಾ ಯಾರು ಕೊಡಿಸಿದ್ರು?’, ‘ನಿಂದೊಂದು ಫೋಟೊ ಹಾಕು’. ಇದರಲ್ಲಿ ಒಂದಾದರೂ ಫೋಟೊ ಬಗ್ಗೆ ಇದೆಯೇ? ಇಂಥವು ನಾಲ್ಕು ಬಂದವು, ಅಣ್ಣನ ಕಣ್ಣಿಗೆ ಬಿದ್ದವು ಅಂದರೆ ಮನೆಯಲ್ಲಿ ಕ್ಯಾಮೆರಾ ಮತ್ತೆ ಟ್ರಂಕಿಗೆ ಹೋಗುತ್ತದೆ. ಬಾವಿಕಟ್ಟೆಯಲ್ಲಿ, ಅಡುಗೆ ಮನೆಯಲ್ಲಿ, ಹೆರಿಗೆಯಾದ ಮನೆಯಲ್ಲಿ ಒಳಗೆ ಹೋಗಿ ಫೋಟೊ ತೆಗೆಯಬಲ್ಲವಳು ಅವಳೊಬ್ಬಳೇ ಇದ್ದಳು. ಆ ಫೋಟೊಗಳು ಇನ್ನು ಬರುವುದಿಲ್ಲ.

ಗುಂಪು ನಡೆಸುವವರೇ, ಅಡ್ಮಿನ್ ಅಣ್ಣಂದಿರೇ, ಇಲ್ಲಿ ನಿಮ್ಮ ಕೆಲಸವಿದೆ. ಫೋಟೊ ಬಗ್ಗೆ ಎಷ್ಟೇ ಕಟುವಾದ ಮಾತು ಇರಲಿ, ಬಿಡಿ. ತೆಗೆದವಳ ಬಗ್ಗೆ, ಫೋಟೊದಲ್ಲಿರುವವರ ಮೈ, ಬಟ್ಟೆ, ಜಾತಿ ಬಗ್ಗೆ ಒಂದು ಮಾತು ಬಂದರೂ ತೆಗೆದುಹಾಕಿ. ಅದಕ್ಕೆ ಟೀಕೆ ಅನ್ನುವ ಹೆಸರೇ ಸಲ್ಲದು.

ಪ್ರೋತ್ಸಾಹ ಅಂದರೆ ಏನು?

‘ಹಳ್ಳಿ ಹುಡುಗರು ಏನೋ ಮಾಡಕತ್ತಾರ, ಯಾಕ ತಪ್ಪು ಹುಡುಕ್ತೀರಿ, ಪ್ರೋತ್ಸಾಹ ಕೊಡ್ರಿ’ ಅನ್ನುವವರಿದ್ದಾರೆ. ಅವರ ಮನಸ್ಸು ಒಳ್ಳೆಯದು. ಆದರೆ ಅದರೊಳಗೆ ಇನ್ನೊಂದು ಮಾತು ಅಡಗಿದೆ: ಹಳ್ಳಿಯವರಿಗೆ ಇಷ್ಟೇ ಸಾಕು. ಇದನ್ನು ನಾನು ಒಪ್ಪುವುದಿಲ್ಲ. ಬಿತ್ತಿದ ಹೊಲ ನೋಡಿ ನಮ್ಮ ಅಪ್ಪಂದಿರು ಸುಮ್ಮನೆ ಮಸ್ತ್ ಅನ್ನುವುದಿಲ್ಲ. ಸಾಲು ಎಲ್ಲಿ ಸೊಟ್ಟಗಾಗಿದೆ, ಎಲ್ಲಿ ಬೀಜ ಒತ್ತಾಗಿ ಬಿದ್ದಿದೆ ಅಂತ ಬೆರಳು ತೋರಿಸಿ ಹೇಳುತ್ತಾರೆ. ಹೊಲದ ಮೇಲೆ ಅಕ್ಕರೆ ಇದ್ದವರು ಮಾಡುವ ಕೆಲಸ ಅದು. ಅದೇ ಅಕ್ಕರೆ ಫೋಟೊಗೆ ಯಾಕೆ ಬೇಡ?

ನೀವು ಫೋಟೊಗ್ರಫಿ ಕಲಿತಿರಬೇಕಿಲ್ಲ. ಮುಂದಿನ ಸಲ ನಿಮ್ಮ ಗುಂಪಿನಲ್ಲಿ ರೀಲ್ ಫೋಟೊ ಬಂದಾಗ ಮೊಬೈಲ್ ಅಡ್ಡ ಹಿಡಿದು ಅರ್ಧ ನಿಮಿಷ ನೋಡಿ. ಆಮೇಲೆ ಎರಡೇ ಸಾಲು ಬರೆಯಿರಿ. ಮೊದಲ ಸಾಲು, ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು. ಎರಡನೇ ಸಾಲು, ಎಲ್ಲಿ ಎಡವಿತು. ಅವನು ಆ ಎರಡು ಸಾಲು ಇಟ್ಟುಕೊಂಡು ಮುಂದಿನ ರೀಲು ತುಂಬುತ್ತಾನೆ.